ಚಿತ್ರದಲ್ಲಿರುವಂತೆಯೇ

ವಾಲ್ನಟ್ ಫೋರ್ಡ್ ಊರಿನ ಯೋಜನಾ ಸಮಿತಿಯ ಅಧ್ಯಕ್ಷ ಆರ್ಲೋ ಡೆಟ್‌ವೈಲರ್ ಬಾಯಿ ತೆರೆಯುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಸಭೆಯಲ್ಲಾದರೆ ಸರಿ, ಅಂಗಡಿಯಲ್ಲಿ ಮೊಟ್ಟೆ ಯಾವ ಸಾಲಿನಲ್ಲಿದೆ ಎಂದು ಕೇಳುವಾಗಲೂ, ಚರ್ಚಿನಲ್ಲಿ ಪ್ರಾರ್ಥನೆಗೆ ತಲೆ ಬಗ್ಗಿಸುವಾಗಲೂ ಅದೇ. ದೇವರು ಕೂಡ ಕೈಲಿದ್ದ ಕೆಲಸ ಬಿಟ್ಟು ಒಂದು ಕ್ಷಣ ಈ ಕಡೆ ತಿರುಗಲಿ ಎಂಬಂತೆ.

ಹುಟ್ಟಿದ್ದು, ಬೆಳೆದದ್ದು, ದುಡಿದದ್ದು ಎಲ್ಲ ಒಹಾಯೋದ ಆ ಊರಲ್ಲೇ. ಹೆದ್ದಾರಿಯ ಪಕ್ಕ ಅವನದೊಂದು ಕಾರ್ಪೆಟ್ ಅಂಗಡಿ ಇತ್ತು. ಊರಿನ ಅರ್ಧ ಮನೆಗಳ ನೆಲದ ಮೇಲೆ ಅವನೇ ಹಾಸಿದ ಕಾರ್ಪೆಟ್ಟು, ಎಲ್ಲವೂ ಓಟ್ಸ್ ಗಂಜಿಯ ಬಣ್ಣದ್ದು. ಯಾರಾದರೂ ನೀಲಿಯನ್ನೋ ಹಸಿರನ್ನೋ ಕೇಳಿದರೆ, "ನಾಳೆ ಮನೆ ಮಾರೋವಾಗ ಯಾರೂ ಕೊಳ್ಳಲ್ಲ, ನೋಡ್ಕೊಳ್ಳಿ" ಎಂದು ಹೆದರಿಸಿ, ಅವರಿಂದಲೇ ಗಂಜಿಯ ಬಣ್ಣ ಕೇಳಿಸಿ, ಕೊನೆಗೆ "ನಿಮ್ಮ ಆಯ್ಕೆ ಚೆನ್ನಾಗಿದೆ" ಎಂದು ಹೊಗಳಿ ಕಳಿಸುತ್ತಿದ್ದ.

ಸಮಿತಿಗೆ ಅವನನ್ನು ಯಾರೂ ಆರಿಸಿ ಕರೆತರಲಿಲ್ಲ. ಪಕ್ಕದ ಮನೆಯವನ ಬೇಲಿ ಒಂದು ಗೇಣು ಜಾಸ್ತಿ ಎತ್ತರವಾಯಿತೆಂದು ದೂರು ಹೇಳಲು ಹೋಗಿದ್ದ. ಅಲ್ಲೊಂದು ಕುರ್ಚಿ ಖಾಲಿಯಿತ್ತು. ಕೂರಲು ಊರಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಇಷ್ಟು ಹೊತ್ತು ಬೇಲಿಯ ಬಗ್ಗೆ ಮಾತಾಡಬಲ್ಲವನಿಗೆ ಪುರುಸೊತ್ತು ಇದ್ದೇ ಇರುತ್ತದೆಂದು ಅವನನ್ನೇ ಕೂರಿಸಿದರು. ಎತ್ತರದ ಮೇಜು, ಎದುರಿಗೆ ಹೆಸರಿನ ಫಲಕ, ಕೈಗೆಟಕುವಂತೆ ಮೈಕು. ಮನೆಗೆ ಬಂದವನ ನಡಿಗೆಯೇ ಬೇರೆಯಾಗಿತ್ತು. ಅವನ ಹೆಂಡತಿ ಫರ್ನ್, ಬದುಕಿರುವವರೆಗೂ, ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ಅವತ್ತಿಂದ ನಮ್ಮನೇಲಿ ಉಪ್ಪು ಬೇಕಂದ್ರೆ ಮೊದಲು ಯಾರಾದ್ರೂ ಸೂಚಿಸ್ಬೇಕು, ಇನ್ನೊಬ್ರು ಅನುಮೋದಿಸ್ಬೇಕು. ಇರೋದೇ ಇಬ್ರು, ಅದ್ರಲ್ಲೊಬ್ರು ಅಧ್ಯಕ್ಷರು. ಹಾಗಾಗಿ ಸಾರು ಸಪ್ಪೆ."

ಆ ಕಾಲಕ್ಕೆ ಊರಿನ ನಿಯಮ ಸರಳವಾಗಿತ್ತು. ಮನೆಗಳಿರುವ ಕಡೆ ಮನೆ, ಅಂಗಡಿಗಳಿರುವ ಕಡೆ ಅಂಗಡಿ, ನಡುವೆ ಹೆದ್ದಾರಿ. ಒಂದು ಲೋಟ ಹಾಲಿಗೂ ಕಾರು ಹತ್ತಬೇಕು. ಎಲ್ಲರೂ ಹಾಗೇ ಹುಟ್ಟಿ ಹಾಗೇ ಕಾರು ಹತ್ತಿದವರು, ಯಾರಿಗೂ ಬೇಸರವಿರಲಿಲ್ಲ. ಬೇಸರ ತಂದವನು ಆರ್ಲೋ. ಒಮ್ಮೆ ಕೊಲಂಬಸ್ಸಿನ ಹೋಟೆಲೊಂದರಲ್ಲಿ ನಡೆದ ಸಮ್ಮೇಳನಕ್ಕೆ ಹೋಗಿ, ಕಾಶಿಯಿಂದ ಗಂಗೆ ತಂದವರ ಹಾಗೆ, ಒಂದು ಬಟ್ಟೆಯ ಚೀಲ ಮತ್ತು ಒಂದು ಹೊಸ ವಿಚಾರ ಹೊತ್ತು ತಂದ. ಯೋಜಿತ ಬಡಾವಣೆ! ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ಸಾಲುಮನೆ, ನಡುವೆ ಹುಲ್ಲುಗಾವಲು. ಊರಿನ ಗಟ್ಟಿ ನಿಯಮಗಳನ್ನು ಅಲ್ಲಿಗೆ ಮಾತ್ರ ಸಡಿಲಿಸುವುದು. ಅದಕ್ಕೆ ಬದಲಾಗಿ ಕಟ್ಟುವವನು ತನ್ನ ನಕ್ಷೆಯನ್ನು ಮುಂಚೆಯೇ ತಂದು ಒಪ್ಪಿಸಬೇಕು. ಒಪ್ಪಿಗೆಯಾದ ನಕ್ಷೆಯೇ ಆ ಜಾಗಕ್ಕೆ ಕಾನೂನು. ಬಳುಕುವ ನಿಯಮ ಎಂದು ಸಮ್ಮೇಳನದಲ್ಲಿ ಹೇಳಿದ್ದರು. ಆರ್ಲೋ ಎರಡು ಚಳಿಗಾಲ ಕೂತು ಅದನ್ನು ವಾಲ್ನಟ್ ಫೋರ್ಡಿಗೆಂದು ಬರೆದ. ಅವನ ಕೈಗೆ ಸಿಕ್ಕಮೇಲೆ ಅದು ಎಷ್ಟು ಬಳುಕುತ್ತಿತ್ತೆಂದರೆ, ರೈಲು ಕಂಬಿ ಬಳುಕುವಷ್ಟು.

ಊರಾಚೆಯ ಸೋಯಾ ಹೊಲದಲ್ಲಿ ಮೆಡೋಲಾರ್ಕ್ ಕ್ರಾಸಿಂಗ್ ಎಂಬ ಬಡಾವಣೆ ಎದ್ದಿತು. ಒಪ್ಪಿಗೆಯ ದಿನ ಕಟ್ಟುವವರು ಸಭೆಗೆ ಒಂದು ದೊಡ್ಡ ಬಣ್ಣದ ಚಿತ್ರ ತಂದಿದ್ದರು. ಮೂಲೆಯ ಕಟ್ಟಡದ ಕೆಳಗೆ ಕೆಂಪು ಬಿಳಿ ಪಟ್ಟೆಯ ಚಪ್ಪರ, ಹೊರಗೆ ಮೂರು ದುಂಡು ಮೇಜು, ಹಳದಿ ಟೊಪ್ಪಿಯ ಹೆಂಗಸೊಬ್ಬಳು ಕಾಫಿ ಕುಡಿಯುತ್ತ ಎಲ್ಲೋ ನೋಡುತ್ತಿದ್ದಾಳೆ. ಅಂಥ ಟೊಪ್ಪಿ ವಾಲ್ನಟ್ ಫೋರ್ಡಿನಲ್ಲಿ ಯಾರೂ ಹಾಕಿದ್ದಿಲ್ಲ. ಆರ್ಲೋ ಆ ಚಿತ್ರವನ್ನು ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಕಟ್ಟುವವರು ಇಂಥ ಚಿತ್ರ ಬರೆಸುವುದು ಸಭೆಯವರ ಕಣ್ಣಿಗೆ ಬೆಣ್ಣೆ ಹಚ್ಚಲಿಕ್ಕೆ; ಇದು ಎಲ್ಲರಿಗೂ ಗೊತ್ತು, ಚಿತ್ರ ಬರೆದವನಿಗೂ ಗೊತ್ತು. ಆರ್ಲೋ ಒಬ್ಬನಿಗೆ ಗೊತ್ತಿರಲಿಲ್ಲ. ಒಪ್ಪಿಗೆಯ ಕೆಳಗೆ ತಾನೇ ಒಂದು ಷರತ್ತು ಸೇರಿಸಿದ: ಮೂಲೆಯ ಕಟ್ಟಡವು ರೂಪದಲ್ಲಿಯೂ ಬಳಕೆಯಲ್ಲಿಯೂ ಲಗತ್ತಿಸಿದ ಚಿತ್ರದಲ್ಲಿರುವಂತೆಯೇ ಇರತಕ್ಕದ್ದು.

ಚಪ್ಪರ ಬಂತು. ಮೇಜುಗಳು ಬಂದವು. ಕಾಫಿ ಬರಲಿಲ್ಲ. ದೊಡ್ಡ ಕಾಫಿ ಅಂಗಡಿಗಳವರು ಒಂದೆರಡು ಸಲ ಬಂದು, ಎದುರಿನ ರಸ್ತೆಯಲ್ಲಿ ಎಷ್ಟು ಕಾರು ಹೋಗುತ್ತವೆಂದು ನೋಡಿ, ತಾವೂ ಕಾರು ಹತ್ತಿ ಹೋದರು. ಆಮೇಲೆ ಬಟ್ಟೆ ರಿಪೇರಿಯವಳು ಕೇಳಿದಳು, ಹಲ್ಲಿನ ಡಾಕ್ಟರು ಕೇಳಿದ, ಯೋಗ ಕಲಿಸುವವಳು ಚಾಪೆ ಹಿಡಿದುಕೊಂಡೇ ಬಂದಳು. ಎಲ್ಲರಿಗೂ ಅಧ್ಯಕ್ಷರದು ಒಂದೇ ಪ್ರಶ್ನೆ: "ಇದು ಚಿತ್ರದಲ್ಲಿದೆಯಾ?" ಚಿತ್ರದಲ್ಲಿ ಹಲ್ಲು ಕೀಳುವವರು ಇರಲಿಲ್ಲ. ಅಂಗಡಿ ಖಾಲಿ ಬಿತ್ತು. ಮೇಜುಗಳ ಮೇಲೆ ಹಕ್ಕಿಗಳು ತಮ್ಮ ಕೆಲಸ ಮುಗಿಸಿ ಹೋಗುತ್ತಿದ್ದವು.

ಫರ್ನ್ ಹೋದ ಮೇಲೆ ಆರ್ಲೋ ತನ್ನ ದೊಡ್ಡ ಮನೆ ಮಾರಿ, ಆ ಖಾಲಿ ಅಂಗಡಿಯ ನೆತ್ತಿಯ ಮೇಲಿನ ಮನೆಯನ್ನೇ ಕೊಂಡ. "ನಾನು ಬರೆದ ನಿಯಮದಲ್ಲಿ ನಾನೇ ವಾಸ ಮಾಡ್ತೀನಿ" ಎಂದು ಎಲ್ಲರಿಗೂ ಹೇಳಿಕೊಂಡ. ಕಾರಿರುವವರೆಗೆ ವಾಸ ಸುಖವಾಗಿತ್ತು. ಹೋದ ವರ್ಷ ಕಣ್ಣಿನ ನಡುವೆ ಒಂದು ಮಸುಕು ಬಂದು ಕೂತಿತು. ಲೈಸೆನ್ಸ್ ಕಚೇರಿಯ ಹುಡುಗಿ ಅಕ್ಷರ ಓದಿ ಎಂದಳು. ಆರ್ಲೋ ಗಂಟಲು ಸರಿಮಾಡಿಕೊಂಡು, ಫಲಕಕ್ಕೆ ಬೆಳಕು ಸಾಲದು, ಇಂಥ ಬೆಳಕಿಗೆ ತಮ್ಮ ಸಮಿತಿ ಒಪ್ಪಿಗೆಯನ್ನೇ ಕೊಡುತ್ತಿರಲಿಲ್ಲ ಎಂದು ವಿವರಿಸಿದ. ಹುಡುಗಿ ಪೂರ್ತಿ ಕೇಳಿಸಿಕೊಂಡು ಲೈಸೆನ್ಸ್ ಇಟ್ಟುಕೊಂಡಳು.

ನಮ್ಮ ಕಡೆ ಲೈಸೆನ್ಸ್ ಹೋದವನು ಕಾಲು ಹೋದವನಿಗಿಂತ ಕಡೆ. ಹಾಲು, ಬ್ರೆಡ್ಡು, ಮೊಟ್ಟೆ ಎಲ್ಲ ಹೆದ್ದಾರಿಯಾಚೆ. ಹೆದ್ದಾರಿ ದಾಟಲು ನಡೆದಾಡುವವರಿಗೆ ದಾರಿಯೇ ಇಲ್ಲ. ಹೀಗೆ ಅವನು ಎದುರು ಸಾಲುಮನೆಯ ವಿಲ್ಮಾ ಗ್ರೂಬಳ ಕಾರಿನ ಹಂಗಿಗೆ ಬಿದ್ದ. ವಿಲ್ಮಾ ಜೀವನವಿಡೀ ಕೂದಲು ಕತ್ತರಿಸಿದ ಹೆಂಗಸು. ಕತ್ತರಿ ಬಿಟ್ಟಿದ್ದರೂ ನಾಲಿಗೆ ಬಿಟ್ಟಿರಲಿಲ್ಲ. ಹಿಂದೊಮ್ಮೆ ಮನೆಯ ಗ್ಯಾರೇಜಿನಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಹಾಕಿಕೊಳ್ಳಲು ಅನುಮತಿ ಕೇಳಿದ್ದಳು. ನೆರೆಹೊರೆಯ ಸ್ವಭಾವ ಕೆಡುತ್ತದೆಂದು ಆರ್ಲೋ ಅದನ್ನು ತಳ್ಳಿಹಾಕಿದ್ದ. ಈಗ ಪ್ರತಿ ಮಂಗಳವಾರ ಅವಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತಿದ್ದಳು.

"ಬೆಲ್ಟ್ ಹಾಕ್ಕೋ ಆರ್ಲೋ. ನಿಯಮ ಇದೆ."

"ಗೊತ್ತು ವಿಲ್ಮಾ."

"ಗೊತ್ತಿರ್ಲೇಬೇಕಲ್ಲ ನಿಂಗೆ. ಏನು ತರ್ಬೇಕು ಇವತ್ತು?"

"ಹಾಲು. ಆಮೇಲೆ ಆ ಫ್ರೀಜರ್‌ನಲ್ಲಿ ಸಿಗುತ್ತಲ್ಲ, ಚಿಕನ್ ಪೈ, ನಾಲ್ಕು."

"ಹಾಲು ಮೊನ್ನೆ ತಾನೇ ತಂದ್ಯಲ್ಲ?"

"ಮೊನ್ನೆ ಅಲ್ಲ. ಹೋದ ಮಂಗಳವಾರ."

"ನೀನು ಹಾಲು ಕುಡಿಯೋದು ನೋಡಿದ್ರೆ ಮನೇಲಿ ಕರು ಕಟ್ಟಿದೀಯ ಅಂತ ಅನುಮಾನ ಬರುತ್ತೆ. ಕರು ಸಾಕೋಕೆ ಅನುಮತಿ ತಗೊಂಡಿದೀಯ ತಾನೇ?"

ಹೋಗುವಾಗ ಒಂದು ಚುಚ್ಚುಮಾತು, ಬರುವಾಗ ಇನ್ನೊಂದು. ಆರ್ಲೋ ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದ. ಅಧ್ಯಕ್ಷಗಿರಿಯಲ್ಲಿ ಕಂಡವರನ್ನೆಲ್ಲ ಕಾಯಿಸಿದವನು ಈಗ ಮಂಗಳವಾರಕ್ಕೆ ಕಾಯುತ್ತಿದ್ದ. ಹಾಲು ಭಾನುವಾರವೇ ಮುಗಿದರೆ ಕರಿ ಕಾಫಿ ಕುಡಿದು ಹೊಟ್ಟೆ ಉರಿಸಿಕೊಳ್ಳುತ್ತಿದ್ದನೇ ವಿನಾ, ಅವಳ ಬಾಗಿಲು ಬಡಿಯುತ್ತಿರಲಿಲ್ಲ.

ಅಂಥದರಲ್ಲಿ ರೆನಾಟಾ ಒಲ್ಶೆವ್‌ಸ್ಕಿ ಬಂದಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು, ಸುಮ್ಮನೆ ಕೂರಲು ಬಾರದವಳು. ಮೆಟ್ಟಿಲು ಹತ್ತಿ ಬಂದು ಆರ್ಲೋನ ಬಾಗಿಲಲ್ಲೇ ನಿಂತು ಹೇಳಿದಳು.

"ಡೆಟ್‌ವೈಲರ್ ಅವರೇ, ನಿಮ್ಮ ಕೆಳಗಿನ ಅಂಗಡಿ ಹಿಡೀಬೇಕು ಅಂತಿದೀನಿ. ದಿನಸಿ. ಹಾಲು, ಬ್ರೆಡ್ಡು, ಮೊಟ್ಟೆ, ಒಂದಿಷ್ಟು ತರಕಾರಿ. ಬೆಳಿಗ್ಗೆ ಬಿಸಿ ಸೂಪು. ನಿಮ್ಮ ಸಮಿತಿ ಒಪ್ಪುತ್ತಾ?"

ಹಾಲು ಎಂಬ ಶಬ್ದಕ್ಕೆ ಆರ್ಲೋನ ಗಂಟಲು ಸರಿಮಾಡಿಕೊಳ್ಳದೆಯೇ ಸರಿಯಾಯಿತು. "ಬನ್ನಿ, ಕೂತ್ಕೊಳ್ಳಿ" ಎಂದ. ಅವನು ಅರ್ಜಿದಾರರಿಗೆ ಕೂತ್ಕೊಳ್ಳಿ ಎಂದದ್ದು ಅದೇ ಮೊದಲು.

"ಒಂದು ಮೂಲೇಲಿ ಕಾಫಿ ಪಾತ್ರೆ ಇಡಿ" ಎಂದು ಸ್ವರ ತಗ್ಗಿಸಿ ಹೇಳಿಕೊಟ್ಟ. "ನಾಲ್ಕು ಲೋಟ ಜೋಡಿಸಿ. ಕಾಫಿ ಇದ್ದರೆ ಕೆಫೆ ಅಂತ ನೋಡ್ಬಹುದು. ಉಳಿದದ್ದನ್ನ ನಾನು ನೋಡ್ಕೋತೀನಿ."

"ಕಾಫಿ ಪಾತ್ರೆ ತಾನೇ, ಎರಡಿಡ್ತೀನಿ. ಆದ್ರೆ ಈ ಸಭೇಲೇ ಮುಗೀಬೇಕು ಸಾರ್. ಹೆದ್ದಾರಿ ಹತ್ರ ಟೈರ್ ಅಂಗಡಿ ಪಕ್ಕ ಇನ್ನೊಂದು ಜಾಗ ಇದೆ. ಅದರ ಮಾಲೀಕರು ನಾಳೆನೇ ಬಂದ್ಬಿಡಿ ಅಂತಿದಾರೆ. ಅಲ್ಲಿ ಯಾರೂ ಏನೂ ಕೇಳಲ್ಲ. ನಂಗೆ ಇಲ್ಲೇ ಇಷ್ಟ, ಜನ ನಡ್ಕೊಂಡು ಬರ್ತಾರೆ."

"ಮುಗಿಯುತ್ತೆ" ಎಂದ ಆರ್ಲೋ. ಆ ವಾರವಿಡೀ ಅವನು ಉಲ್ಲಾಸದಲ್ಲಿದ್ದ. ಚಪ್ಪಲಿ ಮೆಟ್ಟಿ ಕೆಳಗಿಳಿದು, ಹಾಲು ಹಿಡಿದು, ಯಾರ ಹಂಗೂ ಇಲ್ಲದೆ ಮೇಲೆ ಬರುವುದು. ವಿಲ್ಮಾ ಕಿಟಕಿಯಿಂದ ನೋಡಲಿ. ಮಂಗಳವಾರ ಕಾರಿನಲ್ಲಿ ಅವಳು ಏನೋ ಚುಚ್ಚಿದಾಗ ಕೂಡ, ಇನ್ನೆಷ್ಟು ಮಂಗಳವಾರ ಎಂಬಂತೆ ಮುಗುಳ್ನಕ್ಕ. ಆ ನಗು ಕಂಡು ಅವಳಿಗೆ ಗಾಬರಿಯಾಯಿತು. "ಆರ್ಲೋ, ಎದೆ ಗಿದೆ ನೋಯ್ತಿದೆಯಾ?" ಎಂದು ಕೇಳಿದಳು.

ಜೂನ್ ತಿಂಗಳ ಸಭೆ. ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಮೆಡೋಲಾರ್ಕಿನ ಜನ ಎಂದೂ ಇಲ್ಲದಷ್ಟು ಬಂದಿದ್ದರು. ಆರ್ಲೋನನ್ನು ಕರೆತಂದ ವಿಲ್ಮಾ ಮುಂದಿನ ಸಾಲಿನಲ್ಲೇ ಕೂತಳು. ಅವನು ಎತ್ತರದ ಮೇಜಿನ ಹಿಂದೆ ಕೂತು, ಅರ್ಜಿಯ ಹೆಸರು ಓದಿದನಷ್ಟೆ, ಪಕ್ಕದ ಕುರ್ಚಿಯ ಉಪಾಧ್ಯಕ್ಷ ಕೆಂಟ್ ರಸ್ಮುಸ್ಸೆನ್ ಮೈಕಿನತ್ತ ಬಾಗಿದ. ಕೆಂಟ್ ಔಷಧಿ ಅಂಗಡಿಯವನು, ಮೆದುಮಾತಿನವನು. ಸಭೆಯ ಕಟ್ಟಳೆಗಳನ್ನು ಆರ್ಲೋನೇ ಅವನಿಗೆ ಕಲಿಸಿದ್ದ.

"ಅಧ್ಯಕ್ಷರೇ, ತಪ್ಪು ತಿಳೀಬೇಡಿ. ನೀವು ಆ ಅಂಗಡಿ ಮೇಲೇ ವಾಸ ಮಾಡ್ತಿದೀರಿ. ನಿಮಗೆ ಇದರಲ್ಲಿ ಸ್ವಂತದ ಲಾಭ ಇದೆ. ನಿಯಮದ ಪ್ರಕಾರ ನೀವು ಈ ಅರ್ಜಿ ಮುಗಿಯೋವರೆಗೆ ಕೆಳಗೆ ಕೂರ್ಬೇಕಾಗುತ್ತೆ."

"ಯಾವ ಲಾಭ?"

"ಹಾಲು" ಎಂದಳು ವಿಲ್ಮಾ, ಮುಂದಿನ ಸಾಲಿನಿಂದ. ಸಭೆ ನಕ್ಕಿತು.

ಆರ್ಲೋ ಎದ್ದ. ಕೆಳಗಿಳಿಯುವ ಮೆಟ್ಟಿಲು ಒಂದೇ ಆದರೂ ಸಿಂಹಾಸನದಿಂದ ಕಾಡಿಗೆ ಹೊರಟವನ ಗತ್ತಿನಲ್ಲಿ ಇಳಿದ. ಕೆಳಗೆ ವಿಲ್ಮಾಳ ಪಕ್ಕವೇ ಜಾಗ ಖಾಲಿಯಿತ್ತು.

ರೆನಾಟಾ ತನ್ನ ಮಾತು ಬೇಗ ಮುಗಿಸಿದಳು: ದಿನಸಿ, ಸೂಪು, ಎರಡು ಕಾಫಿ ಪಾತ್ರೆ. ಇನ್ನು ಸಾರ್ವಜನಿಕರ ಸರದಿ. ಒಬ್ಬೊಬ್ಬರಿಗೂ ಮೂರು ನಿಮಿಷ. ಮುಗಿದರೆ ಕೆಂಪು ದೀಪ. ಆರ್ಲೋ ಮೊದಲು ಹೋಗಿ ನಿಂತ. ಸಾಮಾನ್ಯ ಪ್ರಜೆಯಾಗಿ ಮಾತಾಡಿ ಅಭ್ಯಾಸವಿರಲಿಲ್ಲ. ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಒಂದಿಷ್ಟು ಹೋಯಿತು. ಈ ನಿಯಮ ಈ ಊರಿಗೆ ಹೇಗೆ ಬಂತು, ಸಮ್ಮೇಳನದಲ್ಲಿ ಯಾರು ಏನು ಹೇಳಿದರು, ತಾನು ಎದ್ದು ಕೇಳಿದ ಪ್ರಶ್ನೆಗೆ ಅವರು ಹೇಗೆ ತಬ್ಬಿಬ್ಬಾದರು, ಎರಡು ಚಳಿಗಾಲ ಹೇಗೆ ಕಳೆದವು. ಎರಡನೇ ಚಳಿಗಾಲದಲ್ಲಿ ದೀಪ ಕೆಂಪಾಯಿತು. ದಿನಸಿಯ ಮಾತು ಇನ್ನೂ ಬಂದಿರಲಿಲ್ಲ.

"ಸಮಯ ಆಯ್ತು ಆರ್ಲೋ" ಎಂದ ಕೆಂಟ್, ಮೆಲ್ಲಗೆ.

ಆಮೇಲೆ ವಿಲ್ಮಾ ಹೋದಳು. "ನಾನು ವಿಲ್ಮಾ ಗ್ರೂಬ್, ಎದುರು ಮನೆ. ಈ ಮನುಷ್ಯನ್ನ ವಾರ ವಾರ ಸೂಪರ್‌ಮಾರ್ಕೆಟ್ಟಿಗೆ ಕರ್ಕೊಂಡು ಹೋಗೋಳು ನಾನೇ. ದಯವಿಟ್ಟು ಈ ಹೆಂಗಸಿಗೆ ಅಂಗಡಿ ಕೊಡಿ, ಇವನನ್ನ ನನ್ನ ಕಾರಿಂದ ಇಳಿಸಿ. ಇಷ್ಟೇ ನನ್ನ ಮಾತು. ಉಳಿದ ನಿಮಿಷ ಅವನಿಗೇ ಕೊಟ್ಬಿಡ್ತಿದ್ದೆ, ಆದ್ರೆ ನಮಗೆಲ್ಲ ಮನೆಗೆ ಹೋಗ್ಬೇಕಲ್ಲ." ಜನ ಚಪ್ಪಾಳೆ ತಟ್ಟಿದರು.

ಮೇಜಿನ ಹಿಂದೆ ಉಳಿದಿದ್ದ ನಾಲ್ವರು ಸದಸ್ಯರೂ ಪರಸ್ಪರ ಮುಖ ನೋಡಿಕೊಂಡರು. ಯಾರಿಗೂ ವಿರೋಧವಿರಲಿಲ್ಲ. ಖಾಲಿ ಅಂಗಡಿ ನೋಡಿ ನೋಡಿ ಅವರಿಗೂ ಸಾಕಾಗಿತ್ತು. ಕೆಂಟ್ ಹಳೆಯ ಒಪ್ಪಿಗೆ ಪತ್ರ ಬಿಡಿಸಿ ಬೆರಳಿಟ್ಟ.

"ಒಂದೇ ಒಂದು ತೊಡಕು. 'ಚಿತ್ರದಲ್ಲಿರುವಂತೆಯೇ' ಅಂತ ಇಲ್ಲಿ ಷರತ್ತಿದೆ. ಇದು ಸುಮ್ಮನೆ ಉದಾಹರಣೆಗೆ ಅಂತ ಹಾಕಿದ್ದಾದ್ರೆ, ಸಣ್ಣ ಬದಲಾವಣೆ ಅಂತ ತಗೊಂಡು ಇವತ್ತೇ ಸಹಿ ಹಾಕ್ಬಹುದು. ಅಕ್ಷರಶಃ ಅಂತಾದ್ರೆ ಇಡೀ ನಕ್ಷೆಯನ್ನೇ ಮತ್ತೆ ತಿದ್ದುಪಡಿಗೆ ಕಳಿಸ್ಬೇಕು. ನೋಟೀಸು, ಇನ್ನೊಂದು ಸಭೆ, ಮೇಲಿನವರ ಒಪ್ಪಿಗೆ. ಚಳಿಗಾಲ ಬಂದುಬಿಡುತ್ತೆ. ಇದನ್ನ ಬರೆದೋರು ನಮ್ಮ ನಡುವೆನೇ ಇದಾರೆ, ಅವರನ್ನೇ ಕೇಳೋಣ. ಆರ್ಲೋ, ಇದು ಉದಾಹರಣೆಗೆ ತಾನೇ?"

ಆರ್ಲೋ ಎದ್ದು ನಿಂತ. "ಹೌದು" ಎನ್ನಬೇಕಿತ್ತು. ಬಾಯಿ ಅದಕ್ಕೇ ತೆರೆದುಕೊಂಡಿತ್ತು. ಕೆಂಟ್ ಅಷ್ಟಕ್ಕೇ ಸುಮ್ಮನಾಗಿದ್ದರೆ ಹಾಲು ಬರುತ್ತಿತ್ತು. ಆದರೆ ಹಿರಿಯನಿಗೆ ದಾರಿ ಇನ್ನಷ್ಟು ಸುಗಮವಾಗಲೆಂದು, ಒಳ್ಳೆಯ ಮನಸ್ಸಿನಿಂದ, ಒಂದು ಮಾತು ಸೇರಿಸಿದ: "ಅವತ್ತು ಗಡಿಬಿಡೀಲಿ ಸ್ವಲ್ಪ ಹಿಂದೆಮುಂದೆ ನೋಡದೆ ಬರೆದಿರ್ಬಹುದು. ಯಾರಿಗಾದ್ರೂ ಆಗೋದೇ."

ಹಿಂದೆಮುಂದೆ ನೋಡದೆ! ಆರ್ಲೋನ ಕಿವಿ ಕೆಂಪಾಯಿತು. ಅವನ ಪಕ್ಕದಲ್ಲಿ ವಿಲ್ಮಾ, ತುಟಿ ಅಲುಗಿಸದೆ, "ಹೌದು ಅನ್ನು. ಹೌದು ಅನ್ನು, ಮಾರಾಯ" ಎಂದಳು. ಆರ್ಲೋ ಗಂಟಲು ಸರಿಮಾಡಿಕೊಂಡ. ಆ ಸದ್ದು ಕೇಳಿದೊಡನೆ ರೆನಾಟಾ ತನ್ನ ಕಾಗದಗಳನ್ನು ಜೋಡಿಸತೊಡಗಿದಳು.

"ಉಪಾಧ್ಯಕ್ಷರು ಒಂದು ವಿಷಯ ತಿಳ್ಕೋಬೇಕು" ಎಂದ ಆರ್ಲೋ. "ಆ ನಿಯಮದಲ್ಲಿ ಹಿಂದೆಮುಂದೆ ನೋಡದೆ ಬರೆದ ಒಂದು ಅಕ್ಷರ ಇಲ್ಲ. 'ಇರುವಂತೆ' ಅಂತ ಬರೀಬಹುದಿತ್ತು. ನಾನು ಬರೀಲಿಲ್ಲ. 'ಇರುವಂತೆಯೇ' ಅಂತ ಬರೆದೆ. ತೂಗಿ ಬರೆದೆ."

"ಅಂದ್ರೆ ಅಕ್ಷರಶಃ?" ಎಂದ ಕೆಂಟ್. ಅವನ ಮುಖದಲ್ಲಿ ನೋವಿತ್ತು. "ಆರ್ಲೋ, ಇನ್ನೊಂದು ಸಲ ಯೋಚ್ನೆ ಮಾಡಿ."

"ಬರೆಯೋ ಮುಂಚೆ ಯೋಚ್ನೆ ಮಾಡಿದೀನಿ. ಬರೆದ ಮೇಲೆ ಯೋಚ್ನೆ ಮಾಡೋರು ಬೇರೆಯವರು."

ಸಭೆ ನಿಶ್ಶಬ್ದವಾಯಿತು. ಆರ್ಲೋ ಅದನ್ನು ಗೌರವವೆಂದು ಎಣಿಸಿದ. ನಾಲ್ವರೂ ಇನ್ನೇನು ಮಾಡಿಯಾರು. ಬರೆದವನೇ ಬಾಯಿಬಿಟ್ಟು ಹೇಳಿದ ಮೇಲೆ ಅದೂ ದಾಖಲೆಗೆ ಸೇರಿತು. ಅರ್ಜಿ ತಿದ್ದುಪಡಿಗೆ ಹೋಯಿತು. ಕುರ್ಚಿಗಳು ಸದ್ದು ಮಾಡಿದವು, ಮೆಡೋಲಾರ್ಕಿನ ಜನ ಅವನತ್ತ ನೋಡದೆ ಹೊರಬಿದ್ದರು.

ಬಾಗಿಲಲ್ಲಿ ರೆನಾಟಾ ಎದುರಾದಳು. ಜಗಳದ ಮುಖವಿರಲಿಲ್ಲ.

"ಬರ್ತೀನಿ ಸಾರ್. ಟೈರ್ ಅಂಗಡಿ ಪಕ್ಕದ ಜಾಗದವರು ಆರೂವರೆಗೇ ಫೋನ್ ಮಾಡಿದ್ರು. ನಾನೇ ತಾಳಿ ಅಂದಿದ್ದೆ."

"ತಿದ್ದುಪಡಿಗೆ ಹಾಕಿ. ನಾನು ದಾರಿ ತೋರಿಸ್ತೀನಿ" ಎಂದ ಆರ್ಲೋ, ದೊಡ್ಡ ಮನಸ್ಸಿನಿಂದ.

"ಬೇಡ ಬಿಡಿ. ನೀವು ಚೆನ್ನಾಗಿ ವಿವರಿಸಿದ್ರಿ."

ಅದನ್ನು ಅವನು ಮೆಚ್ಚುಗೆಯಾಗಿ ಸ್ವೀಕರಿಸಿದ.

ವಿಲ್ಮಾ ಕಾರು ಚಾಲೂ ಮಾಡಿಕೊಂಡು ಕಾಯುತ್ತಿದ್ದಳು. ಅವನು ಹತ್ತಿದ. ಬೆಲ್ಟಿನ ಮಾತು ಬರಲಿಲ್ಲ, ತಾನೇ ಹಾಕಿಕೊಂಡ. ಊರಿನ ಬೀದಿ ದಾಟಿ ಹೆದ್ದಾರಿಗೆ ಬಂದರು. ಅವನ ಎದೆಯಲ್ಲಿ ಇನ್ನೂ ಆ ಮೈಕಿನ ಬಿಸಿ ಇತ್ತು.

"ಕೆಂಟ್ ಮುಖ ನೋಡಿದ್ಯಾ? ನನಗೇ ಕಲಿಸೋಕೆ ಬರ್ತಾನೆ. ಗಡಿಬಿಡೀಲಿ ಬರೆದಿದೀನಂತೆ! ಆ ಷರತ್ತನ್ನ ನಾನು ಏಳು ಸಲ ಓದಿ ನೋಡಿದ್ದೆ, ಫರ್ನ್‌ಗೂ ಓದಿ ಹೇಳಿದ್ದೆ. ಅವಳು ನಿದ್ದೆ ಹೋಗ್ಬಿಟ್ಟಿದ್ಲು, ಅದು ಬೇರೆ ವಿಷಯ."

ಸೂಪರ್‌ಮಾರ್ಕೆಟ್ಟಿನ ದೊಡ್ಡ ಹಸಿರು ಫಲಕ ಅವನ ಮಸುಕಿನ ಕಣ್ಣಿಗೂ ಕಾಣುವಷ್ಟು ಹತ್ತಿರ ಬಂತು. ಆಗ ಅವನಿಗೆ ನೆನಪಾಯಿತು. ಇನ್ನು ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆಂಬ ಧೈರ್ಯದಲ್ಲಿ ಈ ಮಂಗಳವಾರ ಅವನು ಹಾಲು ತಂದೇ ಇರಲಿಲ್ಲ.

"ವಿಲ್ಮಾ, ಒಂದು ನಿಮಿಷ ಒಳಗೆ ತಿರುಗಿಸ್ತೀಯಾ? ಹಾಲು."

ಕಾರು ಅದೇ ವೇಗದಲ್ಲಿ ಹೋಯಿತು. ಫಲಕ ಹಿಂದಾಯಿತು.

"ಅಂಗಡಿ ದಾಟಿತು, ವಿಲ್ಮಾ."

"ನೋಡ್ದೆ" ಎಂದಳು ವಿಲ್ಮಾ.

ಅವಳಿಗೆ ವಿಷಯ ಪೂರ್ತಿ ಅರ್ಥವಾಗಿಲ್ಲವೆಂದು ಆರ್ಲೋನಿಗೆ ತೋರಿತು. ಗಂಟಲು ಸರಿಮಾಡಿಕೊಂಡು, ಕೊಲಂಬಸ್ಸಿನ ಸಮ್ಮೇಳನದಿಂದ ಮತ್ತೆ ಶುರು ಮಾಡಿದ.